ಕ್ಯಾನ್ಸರ್‌ಗೆ ಇಷ್ಟೊಂದು ಸ್ಕ್ಯಾನ್ ಯಾಕೆ? ಯಾವುದು ಏನನ್ನು ತೋರಿಸುತ್ತದೆ?

ಯಾರಿಗಾದರೂ ಕ್ಯಾನ್ಸರ್ ಇರಬಹುದು ಎಂದು ಡಾಕ್ಟರಿಗೆ ಅನುಮಾನ ಬಂದರೆ, ಮುಂದಿನ ಕೆಲವು ದಿನಗಳಲ್ಲಿ ಸ್ಕ್ಯಾನ್‌ಗಳ ಹೆಸರು ಒಂದರ ಹಿಂದೆ ಒಂದು ಬರುತ್ತವೆ. ಮೊದಲು ಅಲ್ಟ್ರಾಸೌಂಡ್. ಆಮೇಲೆ ಸಿ.ಟಿ. ಅದರ ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಎಂ.ಆರ್.ಐ. ಬರೆದುಕೊಟ್ಟಿರುತ್ತಾರೆ. ಕೊನೆಗೆ ಪೆಟ್ ಸ್ಕ್ಯಾನ್ ಕೂಡ ಬೇಕು ಎನ್ನುತ್ತಾರೆ. ಮೊದಲೇ ಹೆದರಿರುವ ಮನೆಯವರಿಗೆ ಇದರಿಂದ ಇನ್ನಷ್ಟು ಗೊಂದಲ. ಎಲ್ಲಕ್ಕಿಂತ ಒಳ್ಳೆಯ ಸ್ಕ್ಯಾನ್ ಯಾವುದೋ ಅದೊಂದನ್ನೇ ಮೊದಲು ಮಾಡಿಸಿದ್ದರೆ ಸಾಕಿತ್ತಲ್ವಾ ಎಂದು ಅನಿಸುವುದು ಸಹಜ.

ಆದರೆ ಎಲ್ಲಕ್ಕಿಂತ ಒಳ್ಳೆಯದು ಎಂಬ ಸ್ಕ್ಯಾನ್ ಇಲ್ಲವೇ ಇಲ್ಲ. ಒಂದೊಂದು ಯಂತ್ರ ದೇಹದ ಒಂದೊಂದು ಗುಣವನ್ನು ಅಳೆಯುತ್ತದೆ. ಎಕ್ಸ್‌ರೇ ಮತ್ತು ಸಿ.ಟಿ. ದೇಹದ ಭಾಗ ಎಷ್ಟು ದಟ್ಟವಾಗಿದೆ ಎಂದು ನೋಡುತ್ತವೆ. ಅಲ್ಟ್ರಾಸೌಂಡ್ ಒಳಗೆ ಕಳಿಸಿದ ಶಬ್ದ ಹೇಗೆ ಮರಳಿ ಬರುತ್ತದೆ ಎಂದು ನೋಡುತ್ತದೆ. ಎಂ.ಆರ್.ಐ.ಗೆ ಬೇಕಾಗಿರುವುದು ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್. ಪೆಟ್ ಸ್ಕ್ಯಾನ್ ಹುಡುಕುವುದು ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತಿರುವ ಜೀವಕೋಶಗಳನ್ನು. ಹಾಗಾಗಿ ಶ್ವಾಸಕೋಶದಲ್ಲಿ ಚೆನ್ನಾಗಿ ಕೆಲಸ ಮಾಡುವ ಸ್ಕ್ಯಾನ್ ಮೆದುಳಿನಲ್ಲಿ ಸೋಲಬಹುದು. ಯಾವ ಅಂಗ, ಏನು ತಿಳಿಯಬೇಕು ಎಂಬ ಎರಡು ವಿಷಯಗಳ ಮೇಲೆ ಸ್ಕ್ಯಾನ್ ಯಾವುದು ಎಂಬುದು ನಿರ್ಧಾರವಾಗುತ್ತದೆ.

ಸ್ಕ್ಯಾನ್ ಗಂಟನ್ನು ತೋರಿಸುತ್ತದೆ, ಹೆಸರು ಹೇಳುವುದು ಬಯಾಪ್ಸಿ

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಬಹುತೇಕ ಕ್ಯಾನ್ಸರ್‌ಗಳಲ್ಲಿ ಸ್ಕ್ಯಾನ್ ಒಂದನ್ನೇ ನೋಡಿ 'ಇದು ಕ್ಯಾನ್ಸರ್' ಎಂದು ತೀರ್ಮಾನ ಮಾಡುವುದಿಲ್ಲ. ಗಂಟು ಎಲ್ಲಿದೆ, ಎಷ್ಟು ದೊಡ್ಡದು, ಅಂಚು ಹೇಗಿದೆ, ಪಕ್ಕದ ಅಂಗಕ್ಕೆ ತಾಗಿದೆಯಾ ಎಂದು ಸ್ಕ್ಯಾನ್ ಹೇಳುತ್ತದೆ. ಅನುಮಾನ ಎಷ್ಟು ಬಲವಾಗಿದೆ ಎಂದೂ ಹೇಳುತ್ತದೆ. ಆಮೇಲೆ ಸೂಜಿಯಿಂದ ಅಥವಾ ಸಣ್ಣ ಆಪರೇಷನ್ನಿನಿಂದ ಆ ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಬಗೆಯದು ಎಂಬ ಉತ್ತರ ಅಲ್ಲಿಂದ ಬರುತ್ತದೆ. ಸ್ಕ್ಯಾನ್ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಸೂಜಿ ಸರಿಯಾದ ಜಾಗಕ್ಕೆ ಹೋಗುತ್ತಿದೆಯಾ ಎಂದು ಡಾಕ್ಟರು ಅಲ್ಟ್ರಾಸೌಂಡ್ ಅಥವಾ ಸಿ.ಟಿ.ಯಲ್ಲಿ ನೋಡುತ್ತಲೇ ಚೂರು ತೆಗೆಯುತ್ತಾರೆ.

ಇದಕ್ಕೆ ಒಂದು ದೊಡ್ಡ ಅಪವಾದ ಇದೆ, ಮತ್ತು ಅದರ ಕಾರಣ ತಿಳಿದುಕೊಳ್ಳುವಂಥದ್ದು. ಆರೋಗ್ಯವಂತ ಲಿವರ್‌ಗೆ ಹೋಗುವ ರಕ್ತದಲ್ಲಿ ಮುಕ್ಕಾಲು ಭಾಗದಷ್ಟು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ್ದು. ಉಳಿದದ್ದು ಹೃದಯದಿಂದ ಬರುವ ಅಪಧಮನಿಯದು. ಲಿವರ್‌ನಲ್ಲೇ ಹುಟ್ಟುವ ಸಾಮಾನ್ಯ ಕ್ಯಾನ್ಸರ್ ಮಾತ್ರ ತನ್ನ ರಕ್ತವನ್ನು ಹೆಚ್ಚಾಗಿ ಅಪಧಮನಿಯಿಂದಲೇ ಪಡೆಯುತ್ತದೆ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಎಂಬ ಔಷಧಿ ಕೊಟ್ಟು ಕೆಲವು ಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರೆ, ಗಡ್ಡೆ ಮೊದಲ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಸ್ವಲ್ಪ ಹೊತ್ತಿನ ನಂತರ ಸುತ್ತಲಿನ ಲಿವರ್‌ಗಿಂತ ಕಪ್ಪಾಗುತ್ತದೆ. ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇರುವವರಲ್ಲಿ ಈ ಲಕ್ಷಣ ಸ್ಪಷ್ಟವಾಗಿ ಕಂಡರೆ ಬಯಾಪ್ಸಿ ಇಲ್ಲದೆಯೇ ಕ್ಯಾನ್ಸರ್ ಎಂದು ತೀರ್ಮಾನಿಸಿ ಚಿಕಿತ್ಸೆಗೆ ಹೋಗಬಹುದು. ಲಿವರ್‌ಗೆ ಮೂರು ನಾಲ್ಕು ಸಲ ಯಾಕೆ ಚಿತ್ರ ತೆಗೆಯುತ್ತಾರೆ ಎಂದು ಕೇಳುವವರಿಗೆ ಇದೇ ಉತ್ತರ.

ಎಕ್ಸ್‌ರೇ ಮತ್ತು ಮ್ಯಾಮೊಗ್ರಾಂ

1895ರ ನವೆಂಬರ್‌ನಲ್ಲಿ ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ಆ ಕಿರಣ ಮೂಳೆಯಲ್ಲಿ ಜಾಸ್ತಿ ತಡೆಯಲ್ಪಡುತ್ತದೆ, ಗಾಳಿಯಲ್ಲಿ ಸುಲಭವಾಗಿ ದಾಟುತ್ತದೆ. ಆಚೆ ಬದಿಯಲ್ಲಿ ಬೀಳುವ ನೆರಳೇ ಚಿತ್ರ. ಎದೆಯ ಎಕ್ಸ್‌ರೇ ಬೇಗ ಆಗುತ್ತದೆ, ವಿಕಿರಣವೂ ತೀರ ಕಡಿಮೆ. ಆದರೆ ಮುಂದಿನದು ಹಿಂದಿನದು ಎಲ್ಲ ಒಂದರ ಮೇಲೊಂದು ಬೀಳುವುದರಿಂದ ಹೃದಯದ ಹಿಂದೆ, ಪಕ್ಕೆಲುಬಿನ ಹಿಂದೆ ಇರುವ ಸಣ್ಣ ಗಂಟು ಕಾಣದೇ ಹೋಗಬಹುದು.

ಸ್ತನಕ್ಕೆಂದೇ ಮಾಡಿದ ಎಕ್ಸ್‌ರೇ ಮ್ಯಾಮೊಗ್ರಾಂ. ಸ್ತನವನ್ನು ಎರಡು ತಟ್ಟೆಗಳ ನಡುವೆ ಒತ್ತಿ ಹಿಡಿದು ತೆಗೆಯುತ್ತಾರೆ. ಕೆಲವು ಕ್ಷಣ ನೋವಾಗುತ್ತದೆ. ಸುಮ್ನೆ ಒತ್ತುವುದಲ್ಲ ಅದು: ತೆಳುವಾಗಿ ಹರಡಿದರೆ ಒಂದರ ಮೇಲೊಂದು ಬೀಳುವುದು ಕಡಿಮೆಯಾಗುತ್ತದೆ, ವಿಕಿರಣವೂ ಕಡಿಮೆ ಸಾಕಾಗುತ್ತದೆ. ಕೈಗೆ ಸಿಗುವ ಗಂಟು ಆಗುವುದಕ್ಕೆ ಎಷ್ಟೋ ಮೊದಲೇ ಕಾಣಿಸುವ ಮರಳಿನಷ್ಟು ಸಣ್ಣ ಸುಣ್ಣದ ಚುಕ್ಕೆಗಳನ್ನು ಮ್ಯಾಮೊಗ್ರಾಂ ಹಿಡಿಯುತ್ತದೆ. ಅದರ ದೊಡ್ಡ ಬಲ ಇದು. ದೌರ್ಬಲ್ಯವೂ ಇದೆ. ಕೊಬ್ಬು ಕಪ್ಪಾಗಿ ಕಾಣುತ್ತದೆ, ಗ್ರಂಥಿಯ ಭಾಗ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಗ್ರಂಥಿಯ ಭಾಗ ಜಾಸ್ತಿ ಇರುವುದರಿಂದ ಗಡ್ಡೆ ಅದರಲ್ಲಿ ಮುಚ್ಚಿಹೋಗಬಹುದು. ಅಂಥವರಿಗೆ ಅಲ್ಟ್ರಾಸೌಂಡ್ ಕೂಡ ಮಾಡುತ್ತಾರೆ, ಕೆಲವರಿಗೆ ಎಂ.ಆರ್.ಐ. ಹೇಳುತ್ತಾರೆ.

ಸಿ.ಟಿ.: ಅಡ್ಡಡ್ಡವಾಗಿ ಹೋಳು ಮಾಡಿದಂಥ ಚಿತ್ರ

ಒಂದೇ ಕಡೆಯಿಂದ ತೆಗೆದ ನೆರಳಿನ ತೊಂದರೆಯನ್ನು ದಾಟಿದ್ದು ಸಿ.ಟಿ. ಎಕ್ಸ್‌ರೇ ಕೊಳವೆ ದೇಹದ ಸುತ್ತ ತಿರುಗುತ್ತಾ ಎಲ್ಲ ಕೋನಗಳಿಂದ ಅಳತೆ ತೆಗೆದುಕೊಳ್ಳುತ್ತದೆ. ಕಂಪ್ಯೂಟರ್ ಆ ಅಳತೆಗಳಿಂದ ಒಳಗಿನ ಚಿತ್ರವನ್ನು ಲೆಕ್ಕ ಹಾಕಿ ಕಟ್ಟುತ್ತದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ಸಲ ರೋಗಿಯೊಬ್ಬರ ಮೆದುಳನ್ನು ಹೀಗೆ ನೋಡಲಾಯಿತು. ಆ ಯಂತ್ರವನ್ನು ರೂಪಿಸಿದ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರಿಗೂ, ಅದರ ಗಣಿತವನ್ನು ಬೇರೆಯಾಗಿಯೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ 1979ರಲ್ಲಿ ನೊಬೆಲ್ ಬಂತು.

ಈಗಿನ ಯಂತ್ರಗಳು ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಹೋಳುಗಳನ್ನು ಕೆಲವೇ ಸೆಕೆಂಡುಗಳಲ್ಲಿ ತೆಗೆಯುತ್ತವೆ. ಅದಕ್ಕೇ ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಕ್ಯಾನ್ಸರ್‌ಗಳಲ್ಲಿ ಸ್ಟೇಜ್, ಅಂದರೆ ಕ್ಯಾನ್ಸರ್ ಎಷ್ಟು ದೂರ ಹೋಗಿದೆ ಎಂದು ನೋಡಲು ಸಾಮಾನ್ಯವಾಗಿ ಮೊದಲು ಬರುವುದು ಸಿ.ಟಿ. ಶ್ವಾಸಕೋಶದ ಸಣ್ಣ ಗಂಟು ನೋಡಲು ಇದಕ್ಕೆ ಸಾಟಿ ಇನ್ನೊಂದಿಲ್ಲ. ಬಹಳ ವರ್ಷ ಸಿಗರೇಟು ಸೇದಿದವರಲ್ಲಿ ಕಡಿಮೆ ವಿಕಿರಣದ ಸಿ.ಟಿ. ಮಾಡಿದರೆ ಶ್ವಾಸಕೋಶದ ಕ್ಯಾನ್ಸರ್‌ನಿಂದಾಗುವ ಸಾವು ಎಕ್ಸ್‌ರೇ ಮಾಡಿಸಿಕೊಂಡವರಿಗೆ ಹೋಲಿಸಿದರೆ ಸುಮಾರು ಶೇ. 20ರಷ್ಟು ಕಡಿಮೆಯಾಗುತ್ತದೆ ಎಂದು ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ತೋರಿಸಿತು.

ಸಿ.ಟಿ. ಎಡವುವುದು ದುಗ್ಧರಸ ಗ್ರಂಥಿಗಳ ವಿಷಯದಲ್ಲಿ. ರಿಪೋರ್ಟಿನಲ್ಲಿ ಲಿಂಫ್ ನೋಡ್ ಎಂದು ಬರೆಯುವುದು ಇವನ್ನೇ. ಕತ್ತು, ಕಂಕುಳು, ತೊಡೆಸಂದು, ಎದೆ ಮತ್ತು ಹೊಟ್ಟೆಯ ಒಳಗೆ ಹರಡಿರುವ ಈ ಸಣ್ಣ ಗ್ರಂಥಿಗಳಿಗೆ ಕ್ಯಾನ್ಸರ್ ಮೊದಲು ತಲುಪುವುದುಂಟು. ಸಿ.ಟಿ. ಅವುಗಳನ್ನು ಹೆಚ್ಚಾಗಿ ಗಾತ್ರದಿಂದಲೇ ಅಳೆಯುತ್ತದೆ. ಗ್ರಂಥಿಯ ಉದ್ದವಲ್ಲ, ಅದರ ಚಿಕ್ಕ ಅಡ್ಡಳತೆ 1 ಸೆಂ.ಮೀ. ದಾಟಿದರೆ ಅನುಮಾನ. ಆದರೆ ಸೋಂಕು ಬಂದಾಗಲೂ ಗ್ರಂಥಿ ಊದುತ್ತದೆ. 6 ಮಿ.ಮೀ. ಇರುವ ಗ್ರಂಥಿಯೊಳಗೂ ಕ್ಯಾನ್ಸರ್ ಕೋಶ ಇರಬಹುದು. ಗಾತ್ರವೊಂದೇ ಸಾಲದು ಎಂಬ ಈ ಕೊರತೆಯನ್ನು ತುಂಬಲು ಪೆಟ್ ಸ್ಕ್ಯಾನ್ ನೆರವಾಗುತ್ತದೆ.

ಅಲ್ಟ್ರಾಸೌಂಡ್ ಸಣ್ಣದೆಂದು ತಳ್ಳಿಹಾಕಬೇಡಿ

ದೊಡ್ಡ ಯಂತ್ರ ನೋಡಿದ ಮೇಲೆ ಅಲ್ಟ್ರಾಸೌಂಡ್ ಸಾಮಾನ್ಯ ಅನಿಸಬಹುದು. ಆದರೆ ಥೈರಾಯ್ಡ್ ಗಂಟಿಗೆ ಅದೇ ಮೊದಲ ಮತ್ತು ಮುಖ್ಯ ಪರೀಕ್ಷೆ. ಗಂಟಿನಲ್ಲಿ ನೀರು ತುಂಬಿದೆಯೋ ಗಟ್ಟಿ ಇದೆಯೋ ಎಂದು ಅದರಷ್ಟು ಸುಲಭವಾಗಿ ಹೇಳುವುದು ಇನ್ನೊಂದಿಲ್ಲ. ವಿಕಿರಣ ಇಲ್ಲ. ಎಷ್ಟು ಸಲ ಬೇಕಾದರೂ ಮಾಡಬಹುದು. ಬಾಯಿಯಿಂದ ಇಳಿಸುವ ಎಂಡೋಸ್ಕೋಪಿನ ತುದಿಗೆ ಅಲ್ಟ್ರಾಸೌಂಡ್ ಜೋಡಿಸಿದರೆ ಮೇದೋಜೀರಕ ಗ್ರಂಥಿಯನ್ನು, ಅನ್ನನಾಳದ ಗೋಡೆಯನ್ನು ತೀರ ಹತ್ತಿರದಿಂದ ನೋಡಬಹುದು, ಅಲ್ಲಿಂದಲೇ ಸೂಜಿ ಹಾಕಿ ಚೂರನ್ನೂ ತೆಗೆಯಬಹುದು. ಗಾಳಿ ಮತ್ತು ಮೂಳೆಯನ್ನು ಶಬ್ದ ದಾಟುವುದಿಲ್ಲ. ಹಾಗಾಗಿ ಶ್ವಾಸಕೋಶದ ಒಳಭಾಗಕ್ಕೆ, ದೊಡ್ಡವರ ಮೆದುಳಿಗೆ ಇದು ಆಗುವುದಿಲ್ಲ.

ಎಂ.ಆರ್.ಐ.: ಮೆತ್ತನೆಯ ಭಾಗಗಳಿಗೆ

ಇದರಲ್ಲಿ ಎಕ್ಸ್‌ರೇ ಇಲ್ಲ. ಇರುವುದು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗ. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಬಲ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಈ ಬಲಕ್ಕೆ ಒಂದು ದಿಕ್ಕಿಗೆ ಸಾಲುಗೊಳ್ಳುತ್ತವೆ. ರೇಡಿಯೋ ತರಂಗ ಅವನ್ನು ಕದಲಿಸುತ್ತದೆ. ತರಂಗ ನಿಂತ ಕೂಡಲೇ ಅವು ಮೊದಲಿನ ಸ್ಥಿತಿಗೆ ಮರಳುತ್ತವೆ, ಮರಳುವಾಗ ಸಣ್ಣ ಸಂಕೇತ ಬಿಡುತ್ತವೆ. ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ, ಗಡ್ಡೆಯಲ್ಲಿ ಈ ಮರಳುವ ವೇಗ ಬೇರೆ ಬೇರೆ. ಆ ವ್ಯತ್ಯಾಸವೇ ಚಿತ್ರವಾಗುತ್ತದೆ. ಕಾಂತಬಲವನ್ನು ಕ್ಷಣಕ್ಷಣಕ್ಕೂ ಬದಲಾಯಿಸುವ ಸುರುಳಿಗಳು ಕಂಪಿಸುವುದರಿಂದ ಯಂತ್ರ ಜೋರಾಗಿ ಸದ್ದು ಮಾಡುತ್ತದೆ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ.

ಸಿ.ಟಿ.ಯಲ್ಲಿ ಒಂದೇ ಥರ ಬೂದಾಗಿ ಕಾಣುವ ಮೆತ್ತನೆಯ ಭಾಗಗಳು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಮೆದುಳು, ಬೆನ್ನುಹುರಿ, ಪ್ರಾಸ್ಟೇಟ್, ಗರ್ಭಕಂಠ, ಗುದನಾಳ, ನಾಲಿಗೆ ಇವುಗಳಿಗೆ ಎಂ.ಆರ್.ಐ. ಹೇಳುವುದು ಇದಕ್ಕೇ. ಗುದನಾಳದ ಕ್ಯಾನ್ಸರ್‌ನಲ್ಲಿ ಇದರ ಮಹತ್ವ ಎಷ್ಟೆಂದು ನೋಡಿ. ಗುದನಾಳದ ಸುತ್ತ ಕೊಬ್ಬು, ಅದರ ಸುತ್ತ ಒಂದು ತೆಳು ಪೊರೆ ಇದೆ. ಸರ್ಜನ್ ಕತ್ತರಿಸುವುದು ಆ ಪೊರೆಯ ಗುಂಟ. ಗಡ್ಡೆಯ ಅಂಚಿನಿಂದ ಪೊರೆಗೆ 1 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಅಂತರ ಇದ್ದರೆ, ನೇರವಾಗಿ ಆಪರೇಷನ್ ಮಾಡಿದಾಗ ಕ್ಯಾನ್ಸರ್ ಕೋಶ ಅಲ್ಲೇ ಉಳಿಯುವ ಅಪಾಯ ಇದೆ. ಆಗ ಮೊದಲು ರೇಡಿಯೇಷನ್, ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಲು ನೋಡುತ್ತಾರೆ. ಒಂದು ಮಿಲಿಮೀಟರ್ ಅಳತೆ ಇಡೀ ಚಿಕಿತ್ಸೆಯ ಕ್ರಮವನ್ನೇ ಬದಲಾಯಿಸುತ್ತದೆ. ಆ ಅಳತೆಯನ್ನು ಆಪರೇಷನ್ನಿಗೆ ಮೊದಲೇ ಕೊಡುವುದು ಎಂ.ಆರ್.ಐ.

ಪೇಸ್‌ಮೇಕರ್, ಕಿವಿಯೊಳಗಿನ ಯಂತ್ರ, ಕಣ್ಣಿಗೆ ಸಿಡಿದ ಲೋಹದ ಚೂರು ಇದ್ದರೆ ಮೊದಲೇ ಹೇಳಲೇಬೇಕು. ಕೆಲವು ಹೊಸ ಪೇಸ್‌ಮೇಕರ್‌ಗಳ ಜೊತೆ ಎಂ.ಆರ್.ಐ. ಮಾಡಬಹುದು, ಆದರೆ ಅದನ್ನು ಅಲ್ಲಿನ ಸಿಬ್ಬಂದಿ ಪರೀಕ್ಷಿಸಿಯೇ ತೀರ್ಮಾನಿಸಬೇಕು.

ಪೆಟ್ ಸ್ಕ್ಯಾನ್: ಒಳಗಿನ ಚಟುವಟಿಕೆ

ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

1920ರ ದಶಕದಲ್ಲಿ ಜರ್ಮನ್ ವಿಜ್ಞಾನಿ ಆಟೋ ವಾರ್‌ಬರ್ಗ್ ಒಂದು ವಿಷಯ ಗಮನಿಸಿದರು. ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಎಷ್ಟೋ ಪಾಲು ಹೆಚ್ಚು ಗ್ಲುಕೋಸ್ ಬಳಸುತ್ತವೆ. ಪೆಟ್ ಸ್ಕ್ಯಾನ್ ನಿಂತಿರುವುದು ಇದರ ಮೇಲೆ. ಗ್ಲುಕೋಸ್‌ನಂತೆಯೇ ಇರುವ ಒಂದು ವಸ್ತುವಿಗೆ ಫ್ಲೋರಿನ್-18 ಎಂಬ ವಿಕಿರಣ ಹೊಮ್ಮಿಸುವ ಪರಮಾಣು ಅಂಟಿಸುತ್ತಾರೆ. ಇದರ ಹೆಸರು ಎಫ್.ಡಿ.ಜಿ. ರಕ್ತನಾಳಕ್ಕೆ ಕೊಟ್ಟರೆ ಜೀವಕೋಶಗಳು ಇದನ್ನು ಸಕ್ಕರೆ ಎಂದೇ ಒಳಗೆ ಎಳೆದುಕೊಳ್ಳುತ್ತವೆ. ಒಳಗೆ ಹೋದ ಮೇಲೆ ಅದನ್ನು ಪೂರ್ತಿ ಕರಗಿಸಲು ಕೋಶಕ್ಕೆ ಆಗುವುದಿಲ್ಲ, ಅದು ಅಲ್ಲೇ ಸಿಕ್ಕಿಬೀಳುತ್ತದೆ. ಫ್ಲೋರಿನ್-18 ಪಾಸಿಟ್ರಾನ್ ಎಂಬ ಕಣ ಬಿಡುತ್ತದೆ. ಆ ಕಣ ಹತ್ತಿರದ ಎಲೆಕ್ಟ್ರಾನ್‌ಗೆ ತಾಗಿದಾಗ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಸುತ್ತ ಬಳೆಯಾಕಾರದಲ್ಲಿರುವ ಯಂತ್ರ ಎರಡನ್ನೂ ಒಟ್ಟಿಗೆ ಹಿಡಿದು, ಅವು ಹುಟ್ಟಿದ ಜಾಗ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಫ್ಲೋರಿನ್-18ರ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಔಷಧಿಯನ್ನು ಮಾಡಿಟ್ಟುಕೊಳ್ಳಲು ಆಗುವುದಿಲ್ಲ, ಕೊಟ್ಟ ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಒತ್ತಿ ಹೇಳುತ್ತಾರೆ.

ಪೆಟ್ ಚಿತ್ರ ಒಂದೇ ಆದರೆ ಮಸುಕು. ಹೊಳೆಯುವ ಜಾಗ ಯಾವ ಅಂಗದಲ್ಲಿದೆ ಎಂದು ಖಚಿತವಾಗಿ ಹೇಳುವುದು ಕಷ್ಟ. 1998ರಲ್ಲಿ ಡೇವಿಡ್ ಟೌನ್‌ಸೆಂಡ್ ಮತ್ತು ರಾನ್ ನಟ್ ಅವರ ತಂಡ ಪೆಟ್ ಮತ್ತು ಸಿ.ಟಿ. ಎರಡನ್ನೂ ಒಂದೇ ಯಂತ್ರದಲ್ಲಿ ಸೇರಿಸಿದ ಮಾದರಿಯನ್ನು ರೋಗಿಗಳಿಗೆ ಬಳಸಲು ಶುರು ಮಾಡಿತು. ಈಗ ಪೆಟ್ ಎಂದರೆ ಬಹುತೇಕ ಪೆಟ್-ಸಿ.ಟಿ.ಯೇ.

ಇವೆರಡರ ವ್ಯತ್ಯಾಸವನ್ನು ಹೀಗೆ ಅಂದುಕೊಳ್ಳಿ. ಸಿ.ಟಿ. ಕಟ್ಟಡದ ನಕ್ಷೆ. ಎಷ್ಟು ಕೋಣೆ, ಯಾವುದು ಎಷ್ಟು ದೊಡ್ಡದು ಎಂದು ತೋರಿಸುತ್ತದೆ. ಪೆಟ್ ಪ್ರತಿ ಕೋಣೆಯ ಕರೆಂಟ್ ಮೀಟರ್. ಎಲ್ಲಿ ಬಳಕೆ ಜಾಸ್ತಿ ಎಂದು ಹೇಳುತ್ತದೆ. ಆದರೆ ಬಳಸುತ್ತಿರುವವರು ಯಾರು, ಯಾವ ಕೆಲಸಕ್ಕೆ ಎಂದು ಮೀಟರ್ ಹೇಳುವುದಿಲ್ಲ.

ಈ ಕೊನೆಯ ಮಾತು ಮುಖ್ಯ. ಸಕ್ಕರೆ ಜಾಸ್ತಿ ಬಳಸುವುದು ಕ್ಯಾನ್ಸರ್ ಮಾತ್ರ ಅಲ್ಲ. ಕ್ಷಯ, ನ್ಯುಮೋನಿಯಾ, ಮಾಯುತ್ತಿರುವ ಗಾಯ, ಇತ್ತೀಚಿನ ಆಪರೇಷನ್ ಆದ ಜಾಗ ಎಲ್ಲವೂ ಹೊಳೆಯುತ್ತವೆ. ಮೆದುಳು ಯಾವಾಗಲೂ ಹೊಳೆಯುತ್ತದೆ, ಯಾಕೆಂದರೆ ಅದರ ಮುಖ್ಯ ಆಹಾರವೇ ಗ್ಲುಕೋಸ್. ಆ ಬೆಳಕಿನಲ್ಲಿ ಮೆದುಳಿಗೆ ಹರಡಿದ ಸಣ್ಣ ಗಡ್ಡೆ ಕಾಣದೇ ಹೋಗಬಹುದು. ಪೆಟ್ ಮಾಡಿಸಿದ ಮೇಲೂ ಮೆದುಳಿಗೆ ಪ್ರತ್ಯೇಕ ಎಂ.ಆರ್.ಐ. ಹೇಳಿದರೆ ಅದು ಸುಮ್ನೆ ಹೇಳಿದ್ದಲ್ಲ. ಔಷಧಿ ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರಪಿಂಡ ಮತ್ತು ಮೂತ್ರಕೋಶವೂ ಹೊಳೆಯುತ್ತವೆ.

ಇನ್ನೊಂದು ಕಡೆ, ನಿಧಾನವಾಗಿ ಬೆಳೆಯುವ ಕೆಲವು ಕ್ಯಾನ್ಸರ್‌ಗಳು ಸಕ್ಕರೆಯನ್ನು ಅಷ್ಟೇನೂ ಬಳಸುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಇದಕ್ಕೆ ಒಳ್ಳೆಯ ಉದಾಹರಣೆ. ಆದರೆ ಆ ಕೋಶಗಳ ಹೊರಮೈಯಲ್ಲಿ ಪಿ.ಎಸ್.ಎಂ.ಎ. ಎಂಬ ಪ್ರೋಟೀನ್ ತುಂಬಾ ಇರುತ್ತದೆ. ಅದಕ್ಕೆ ಹೋಗಿ ಅಂಟಿಕೊಳ್ಳುವ ಬೇರೆ ಔಷಧಿ ಕೊಟ್ಟು ಪೆಟ್ ಮಾಡಿದರೆ ತೀರ ಸಣ್ಣ ಹರಡುವಿಕೆಯೂ ಕಾಣುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಮೊದಲ ಔಷಧಿಗೆ 2020ರ ಡಿಸೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ಹಾಗಾಗಿ ಪೆಟ್ ಎಂದರೆ ಒಂದೇ ಪರೀಕ್ಷೆ ಅಲ್ಲ, ಯಾವ ಔಷಧಿ ಕೊಟ್ಟು ಮಾಡಿದ ಪೆಟ್ ಎಂಬುದು ಮುಖ್ಯ.

ಎಫ್.ಡಿ.ಜಿ. ಪೆಟ್‌ಗೆ ಮೊದಲು 4ರಿಂದ 6 ಗಂಟೆ ಏನೂ ತಿನ್ನಬಾರದು ಎನ್ನುತ್ತಾರೆ. ಊಟ ಮಾಡಿದರೆ ಇನ್ಸುಲಿನ್ ಏರಿ ಸಕ್ಕರೆಯೆಲ್ಲ ಸ್ನಾಯುಗಳಿಗೆ ಹೋಗುತ್ತದೆ, ಗಡ್ಡೆ ಮಂಕಾಗುತ್ತದೆ. ಹಿಂದಿನ ದಿನ ಜೋರು ವ್ಯಾಯಾಮ ಬೇಡ ಎನ್ನುವುದೂ, ಇಂಜೆಕ್ಷನ್ ಕೊಟ್ಟ ಮೇಲೆ ಒಂದು ಗಂಟೆಯಷ್ಟು ಹೊತ್ತು ಸುಮ್ನೆ ಮಲಗಿಸುವುದೂ ಇದೇ ಕಾರಣಕ್ಕೆ. ಸಕ್ಕರೆ ಕಾಯಿಲೆ ಇರುವವರು ಮಾತ್ರೆ, ಇನ್ಸುಲಿನ್ ವಿಷಯವನ್ನು ಸ್ಕ್ಯಾನ್ ದಿನ ಗೊತ್ತು ಮಾಡುವಾಗಲೇ ಕೇಳಿಕೊಳ್ಳಬೇಕು.

ಮೂಳೆಗೆ ಹರಡಿದೆಯಾ ಎಂದು ನೋಡಲು ವಿಕಿರಣ ಹೊಮ್ಮಿಸುವ ಟೆಕ್ನೀಷಿಯಂ-99ಎಂ ಔಷಧಿ ಬಳಸಿ ಮಾಡುವ ಬೋನ್ ಸ್ಕ್ಯಾನ್ ಕೂಡ ಇದೆ. ಅದು ತೋರಿಸುವುದು ಗಡ್ಡೆಯನ್ನಲ್ಲ, ಗಡ್ಡೆಗೆ ಮೂಳೆ ತೋರುವ ಪ್ರತಿಕ್ರಿಯೆಯನ್ನು. ಹಳೆಯ ಮೂಳೆ ಮುರಿತ, ಸವೆದ ಕೀಲು ಕೂಡ ಅದರಲ್ಲಿ ಕಾಣುತ್ತವೆ.

ಸ್ಟೇಜ್ ಎಂದರೆ ಏನು, ಅದನ್ನು ಹೇಗೆ ಹೇಳುತ್ತಾರೆ

ಬಯಾಪ್ಸಿ ಹೆಸರು ಹೇಳಿತು. ಈಗ ಕ್ಯಾನ್ಸರ್ ಎಷ್ಟು ದೂರ ಹೋಗಿದೆ ಎಂದು ತಿಳಿಯಬೇಕು. ಅದೇ ಸ್ಟೇಜ್. ಫ್ರಾನ್ಸಿನ ವೈದ್ಯ ಪಿಯರ್ ಡೆನುವಾ 1940ರ ದಶಕದಲ್ಲಿ ಶುರು ಮಾಡಿದ ಟಿ.ಎನ್.ಎಂ. ಪದ್ಧತಿಯನ್ನೇ ಇಂದಿಗೂ ಬಹುತೇಕ ಗಡ್ಡೆಯ ಕ್ಯಾನ್ಸರ್‌ಗಳಿಗೆ ಬಳಸುತ್ತಾರೆ. ಟಿ ಎಂದರೆ ಮೂಲ ಗಡ್ಡೆ. ಎನ್ ಎಂದರೆ ಹತ್ತಿರದ ದುಗ್ಧರಸ ಗ್ರಂಥಿಗಳು. ಎಂ ಎಂದರೆ ದೂರದ ಅಂಗಗಳಿಗೆ ಹರಡಿರುವುದು. ಮೂರಕ್ಕೂ ಅಂಕಿ ಕೊಟ್ಟು, ಮೂರನ್ನೂ ಒಟ್ಟಿಗೆ ನೋಡಿ 1ರಿಂದ 4ರವರೆಗೆ ಸ್ಟೇಜ್ ಹೇಳುತ್ತಾರೆ.

ಅಂಕಿಯ ಅರ್ಥ ಅಂಗದಿಂದ ಅಂಗಕ್ಕೆ ಬದಲಾಗುತ್ತದೆ. ಸ್ತನದಲ್ಲಿ 2 ಸೆಂ.ಮೀ.ವರೆಗಿನ ಗಡ್ಡೆ ಟಿ1. ಶ್ವಾಸಕೋಶದಲ್ಲಿ 3 ಸೆಂ.ಮೀ.ವರೆಗೂ ಟಿ1. ದೊಡ್ಡಕರುಳಿನಲ್ಲಿ ಗಾತ್ರಕ್ಕೆ ಬೆಲೆಯೇ ಇಲ್ಲ, ಗೋಡೆಯ ಎಷ್ಟು ಪದರ ದಾಟಿದೆ ಎಂಬುದಷ್ಟೇ ಲೆಕ್ಕ. ಅದಕ್ಕೇ ಒಬ್ಬರ ರಿಪೋರ್ಟನ್ನು ಇನ್ನೊಬ್ಬರ ರಿಪೋರ್ಟಿಗೆ ಹೋಲಿಸಿ ಧೈರ್ಯ ಮಾಡಿಕೊಳ್ಳುವುದೂ ಸರಿಯಲ್ಲ, ಹೆದರುವುದೂ ಸರಿಯಲ್ಲ.

ಸ್ಕ್ಯಾನ್ ನೋಡಿ ಹೇಳಿದ ಸ್ಟೇಜ್‌ಗೂ ಆಪರೇಷನ್ ಆದ ಮೇಲೆ ಹೇಳುವ ಸ್ಟೇಜ್‌ಗೂ ವ್ಯತ್ಯಾಸ ಬರಬಹುದು. ಸ್ಕ್ಯಾನ್‌ನಲ್ಲಿ ತೊಂದರೆ ಇಲ್ಲದಂತೆ ಕಂಡ ಗ್ರಂಥಿಯಲ್ಲಿ ಸೂಕ್ಷ್ಮದರ್ಶಕ ಹಿಡಿದಾಗ ಕ್ಯಾನ್ಸರ್ ಕೋಶಗಳು ಸಿಗಬಹುದು. ಯಾರೋ ತಪ್ಪು ಮಾಡಿದರು ಎಂದು ಇದರ ಅರ್ಥವಲ್ಲ. 1 ಸೆಂ.ಮೀ. ಗಡ್ಡೆಯಲ್ಲಿ 100 ಕೋಟಿಯಷ್ಟು ಕೋಶ ಇರಬಹುದು. ಕೆಲವು ಸಾವಿರ ಕೋಶಗಳ ಗುಂಪನ್ನು ಹಿಡಿಯುವ ಸ್ಕ್ಯಾನ್ ಇವತ್ತಿಗೂ ಇಲ್ಲ. ಸ್ಕ್ಯಾನ್ ಪೂರ್ತಿ ಸ್ವಚ್ಛವಾಗಿದ್ದರೂ ಆಪರೇಷನ್ ನಂತರ ಕೀಮೋ ಯಾಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕಾಣದಷ್ಟು ಸಣ್ಣದು ಉಳಿದಿದ್ದರೆ ಅದನ್ನು ತೆಗೆಯುವುದಕ್ಕೆ.

ಸ್ಟೇಜ್ ಇಷ್ಟು ಮುಖ್ಯವಾಗುವುದು ಚಿಕಿತ್ಸೆ ಅದರ ಮೇಲೆ ನಿಂತಿರುವುದರಿಂದ. ಒಂದು ಉದಾಹರಣೆ ನೋಡೋಣ. ಒಬ್ಬರ ಶ್ವಾಸಕೋಶದಲ್ಲಿ 2 ಸೆಂ.ಮೀ. ಕ್ಯಾನ್ಸರ್ ಇದೆ. ಸಿ.ಟಿ. ಪ್ರಕಾರ ಬೇರೆಲ್ಲೂ ಇಲ್ಲ. ಆಪರೇಷನ್‌ನಿಂದ ಗುಣವಾಗುವ ಸ್ಥಿತಿ. ಆದರೆ ಪೆಟ್‌ನಲ್ಲಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹೊಳೆಯುತ್ತಿದೆ. ಅದು ನಿಜವಾಗಿಯೂ ಹರಡಿರುವುದಾದರೆ 4ನೇ ಸ್ಟೇಜ್. ಎದೆ ತೆರೆದು ಶ್ವಾಸಕೋಶ ತೆಗೆಯುವುದಕ್ಕಿಂತ ಮೊದಲು ಇಡೀ ದೇಹಕ್ಕೆ ತಲುಪುವ ಔಷಧಿಯ ಬಗ್ಗೆ ಯೋಚಿಸಬೇಕು. ಆದರೆ ಅಡ್ರಿನಲ್‌ನಲ್ಲಿ ಕ್ಯಾನ್ಸರ್ ಅಲ್ಲದ ಗಂಟುಗಳೂ ಸಾಮಾನ್ಯ, ಅವುಗಳಲ್ಲಿ ಕೆಲವು ಪೆಟ್‌ನಲ್ಲಿ ಹೊಳೆಯುತ್ತವೆ. ಹಾಗಾಗಿ ಇಂಥ ಒಂಟಿ ಜಾಗವನ್ನು ಸೂಜಿ ಹಾಕಿ ನೋಡದೆ ಗುಣವಾಗುವ ಅವಕಾಶವನ್ನು ಕೈಬಿಡಬಾರದು. ಇನ್ನೊಂದು ಪರೀಕ್ಷೆ ಎಂದಾಗ ಬೇಸರ ಬರುತ್ತದೆ, ನಿಜ. ಆದರೆ ಇಂಥ ಕಡೆ ಆ ಒಂದು ಪರೀಕ್ಷೆಯ ಮೇಲೆ ಎಲ್ಲವೂ ನಿಂತಿರುತ್ತದೆ.

ಹಾಗೆಂದು ಎಲ್ಲರಿಗೂ ಎಲ್ಲ ಸ್ಕ್ಯಾನ್ ಬೇಕಾಗಿಲ್ಲ. ಆರಂಭದ ಸ್ತನ ಕ್ಯಾನ್ಸರ್, ಹರಡುವ ಅಪಾಯ ಕಡಿಮೆ ಇರುವ ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಸ್ಟೇಜ್‌ಗಾಗಿ ಪೆಟ್, ಸಿ.ಟಿ., ಬೋನ್ ಸ್ಕ್ಯಾನ್ ಮಾಡಿಸಬೇಡಿ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೇ 2012ರಲ್ಲಿ ಹೇಳಿತು. ಸಿಗುವ ಲಾಭ ತೀರ ಕಡಿಮೆ. ಕ್ಯಾನ್ಸರ್‌ಗೆ ಸಂಬಂಧ ಇಲ್ಲದ ಏನೋ ಒಂದು ಚುಕ್ಕೆ ಕಂಡು, ಅದರ ಹಿಂದೆ ಓಡುವುದರಲ್ಲಿ ಚಿಕಿತ್ಸೆ ತಡವಾಗುವ ಸಾಧ್ಯತೆಯೇ ಹೆಚ್ಚು.

ರಕ್ತದ ಕ್ಯಾನ್ಸರ್‌ಗೆ ಟಿ.ಎನ್.ಎಂ. ಹೊಂದುವುದಿಲ್ಲ, ಅದು ಮೊದಲಿನಿಂದಲೇ ರಕ್ತದಲ್ಲಿ ಇರುವಂಥದ್ದು. ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ಗೆ ಬೇರೆ ಪದ್ಧತಿ ಇದೆ. ಅದರಲ್ಲಿ ಕ್ಯಾನ್ಸರ್ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಮೇಲೆ ಮಾತ್ರವೋ, ಕೆಳಗೆ ಮಾತ್ರವೋ, ಎರಡೂ ಕಡೆಯೋ ಎಂದು ನೋಡುತ್ತಾರೆ. ಲಿಂಫೋಮಾದಲ್ಲಿ 4ನೇ ಸ್ಟೇಜ್ ಇದ್ದರೂ ಗುಣವಾಗುವವರು ಬಹಳ ಮಂದಿ ಇದ್ದಾರೆ.

ರಿಪೋರ್ಟಿನ ಅಂಕಿಗಳನ್ನು ಸ್ಟೇಜ್ ಎಂದುಕೊಳ್ಳಬೇಡಿ

ಮ್ಯಾಮೊಗ್ರಾಂ ರಿಪೋರ್ಟಿನಲ್ಲಿ 'ಬೈರಾಡ್ಸ್ 4' ಎಂದು ಇದ್ದದ್ದನ್ನು 4ನೇ ಸ್ಟೇಜ್ ಎಂದು ತಿಳಿದು ಕುಸಿದುಹೋಗುವವರಿದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಬೈರಾಡ್ಸ್ ಅನುಮಾನದ ಮಟ್ಟ ಹೇಳುತ್ತದೆ. 1 ಮತ್ತು 2 ಎಂದರೆ ತೊಂದರೆ ಇಲ್ಲ. 3 ಎಂದರೆ ಬಹುತೇಕ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿರುವ ಸಾಧ್ಯತೆ 100ರಲ್ಲಿ 2ಕ್ಕಿಂತ ಜಾಸ್ತಿ ಇಲ್ಲ, ಕೆಲವು ತಿಂಗಳಲ್ಲಿ ಮತ್ತೆ ನೋಡೋಣ. 4 ಎಂದರೆ ಅನುಮಾನ ಇದೆ, ಬಯಾಪ್ಸಿ ಬೇಕು. ಹೀಗೆ ಬಯಾಪ್ಸಿ ಆದವರಲ್ಲಿ ಎಷ್ಟೋ ಜನರಿಗೆ ಕ್ಯಾನ್ಸರ್ ಇರುವುದೇ ಇಲ್ಲ. 5 ಎಂದರೆ ಬಲವಾದ ಅನುಮಾನ. 6 ಎಂದರೆ ಬಯಾಪ್ಸಿಯಲ್ಲಿ ಈಗಾಗಲೇ ಖಚಿತವಾಗಿದೆ ಎಂದಷ್ಟೇ. 0 ಬಂದರೆ 'ಏನೂ ಇಲ್ಲ' ಎಂದು ಸುಮ್ಮನಾಗಬಾರದು, ಈ ಚಿತ್ರ ಸಾಲದು, ಇನ್ನೂ ಬೇಕು ಎಂದು ಅದರ ಅರ್ಥ. ಥೈರಾಯ್ಡ್‌ಗೆ ಟೈರಾಡ್ಸ್, ಪ್ರಾಸ್ಟೇಟ್‌ಗೆ ಪೈರಾಡ್ಸ್ ಎಂದು ಇಂಥದ್ದೇ ಅಂಕಿಗಳಿವೆ.

ಪೆಟ್ ರಿಪೋರ್ಟಿನಲ್ಲಿ ಎಸ್.ಯು.ವಿ. ಎಂಬ ಅಂಕಿ ಇರುತ್ತದೆ. ಆ ಜಾಗ ಎಷ್ಟು ಸಕ್ಕರೆ ಎಳೆದುಕೊಂಡಿತು ಎಂಬ ಅಳತೆ ಅದು. ಇಂತಿಷ್ಟು ದಾಟಿದರೆ ಕ್ಯಾನ್ಸರ್ ಎಂಬ ಗೆರೆ ಇಲ್ಲ. ಯಂತ್ರ, ರಕ್ತದ ಸಕ್ಕರೆ, ಇಂಜೆಕ್ಷನ್ ಆದ ಮೇಲೆ ಕಾದ ಹೊತ್ತು ಇವೆಲ್ಲವುಗಳಿಂದ ಅಂಕಿ ಏರುಪೇರಾಗುತ್ತದೆ.

ವಿಕಿರಣ ಮತ್ತು ಕಾಂಟ್ರಾಸ್ಟ್ ಬಗ್ಗೆ ಎಷ್ಟು ಹೆದರಬೇಕು

ನಾವು ಏನೂ ಮಾಡದೆ ಇದ್ದರೂ ಮಣ್ಣಿನಿಂದ, ಆಕಾಶದಿಂದ, ಗಾಳಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ದೇಹಕ್ಕೆ ತಾಗುತ್ತದೆ. ಎದೆಯ ಒಂದು ಎಕ್ಸ್‌ರೇ ಹೆಚ್ಚೆಂದರೆ 0.1ರ ಹತ್ತಿರ. ಹೊಟ್ಟೆಯ ಸಿ.ಟಿ. 10ರ ಆಸುಪಾಸು. ಇಡೀ ದೇಹದ ಪೆಟ್-ಸಿ.ಟಿ. 20 ದಾಟಬಹುದು. ಇದರಿಂದ ಮುಂದೆ ಹೊಸ ಕ್ಯಾನ್ಸರ್ ಬರುವ ಅಪಾಯ ಇದೆ, ಆದರೆ ತುಂಬಾ ಸಣ್ಣದು. ಈಗಾಗಲೇ ಕ್ಯಾನ್ಸರ್ ಇರುವವರಿಗೆ, ಅಥವಾ ಬಲವಾದ ಅನುಮಾನ ಇರುವವರಿಗೆ, ಸರಿಯಾದ ಚಿಕಿತ್ಸೆ ಸಿಗುವ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು. ಯಾವ ತೊಂದರೆಯೂ ಇಲ್ಲದವರು ಒಂದು ಸಲ ಎಲ್ಲ ನೋಡಿಬಿಡೋಣ ಎಂದು ಪೆಟ್ ಮಾಡಿಸುವಾಗ ಈ ಲೆಕ್ಕ ಉಲ್ಟಾ ಆಗುತ್ತದೆ. ಮಕ್ಕಳಲ್ಲಿ ಸಾಧ್ಯವಾದ ಕಡೆಯಲ್ಲೆಲ್ಲ ಅಲ್ಟ್ರಾಸೌಂಡ್, ಎಂ.ಆರ್.ಐ. ಆರಿಸುತ್ತಾರೆ. ಪೆಟ್ ಆದ ಮೇಲೆ ಕೆಲವು ಗಂಟೆ ಹಸುಗೂಸು ಮತ್ತು ಬಸುರಿಯರಿಂದ ದೂರ ಇರಿ, ಚೆನ್ನಾಗಿ ನೀರು ಕುಡಿಯಿರಿ ಎನ್ನುತ್ತಾರೆ. ಅಷ್ಟರಲ್ಲಿ ವಿಕಿರಣ ಬಹುಪಾಲು ಇಳಿದಿರುತ್ತದೆ.

ಸಿ.ಟಿ.ಯ ಕಾಂಟ್ರಾಸ್ಟ್‌ನಲ್ಲಿ ಅಯೋಡಿನ್ ಇರುತ್ತದೆ. ಕೊಟ್ಟಾಗ ಮೈಯೆಲ್ಲ ಬಿಸಿಯಾದ ಹಾಗೆ ಆಗುವುದು ಸಾಮಾನ್ಯ, ನಿಮಿಷದೊಳಗೆ ಹೋಗುತ್ತದೆ. ಕೆಲವರಿಗೆ ಅಲರ್ಜಿ ಆಗಬಹುದು. ಎಂ.ಆರ್.ಐ.ನಲ್ಲಿ ಬಳಸುವುದು ಗ್ಯಾಡೋಲಿನಿಯಂ ಎಂಬ ಬೇರೆ ವಸ್ತು. ಎರಡೂ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಮೊದಲೇ ಕೇಳುತ್ತಾರೆ. ಹಿಂದೆ ಅಲರ್ಜಿ ಆಗಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಯಾರೂ ಕೇಳದಿದ್ದರೂ ನೀವೇ ಹೇಳಿ.

ಚಿಕಿತ್ಸೆ ಶುರುವಾದ ಮೇಲಿನ ಸ್ಕ್ಯಾನ್‌ಗಳು

ಔಷಧಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಇಲ್ಲಿ ಎಲ್ಲ ಕಡೆ ಒಂದೇ ಅಳತೆ ಇರಲಿ ಎಂದು ರೆಸಿಸ್ಟ್ ಎಂಬ ನಿಯಮಗಳಿವೆ. ಗುರುತಿಟ್ಟ ಗಡ್ಡೆಗಳ ಅಳತೆಯನ್ನು ಕೂಡಿಸಿ, ಒಟ್ಟು ಮೊತ್ತ ಶೇ. 30ರಷ್ಟಾದರೂ ಕಡಿಮೆಯಾದರೆ ಒಳ್ಳೆಯ ಪ್ರತಿಕ್ರಿಯೆ ಎನ್ನುತ್ತಾರೆ. ಅತಿ ಕಡಿಮೆ ಇದ್ದ ಅಳತೆಗಿಂತ ಶೇ. 20ರಷ್ಟು ಹೆಚ್ಚಾದರೆ, ಆ ಹೆಚ್ಚಳ 5 ಮಿ.ಮೀ. ಆದರೂ ಇದ್ದರೆ, ಅಥವಾ ಹೊಸ ಗಡ್ಡೆ ಕಂಡರೆ ಬೆಳೆಯುತ್ತಿದೆ ಎಂದರ್ಥ. ನಡುವೆ ಇರುವುದೆಲ್ಲ 'ಸ್ಥಿರ'. ರಿಪೋರ್ಟಿನಲ್ಲಿ ಗಡ್ಡೆ 21 ಮಿ.ಮೀ. ಇದ್ದದ್ದು 22 ಆಗಿದೆ ಎಂದು ಓದಿ ನಿದ್ದೆಗೆಡಬೇಕಾಗಿಲ್ಲ. ಅಷ್ಟು ವ್ಯತ್ಯಾಸ ಅಳೆಯುವವರ ಕೈಯಲ್ಲೂ ಬರುತ್ತದೆ.

ಲಿಂಫೋಮಾದಲ್ಲಿ ಗಾತ್ರಕ್ಕಿಂತ ಹೊಳಪು ಮುಖ್ಯ. ಚಿಕಿತ್ಸೆಯ ನಂತರವೂ ಗಂಟಿನ ಜಾಗದಲ್ಲಿ ನಾರಿನಂಥ ಕಲೆ ಉಳಿಯಬಹುದು. ಸಿ.ಟಿ.ಯಲ್ಲಿ ಅದು ಗಡ್ಡೆಯಂತೆಯೇ ಕಾಣುತ್ತದೆ. ಪೆಟ್‌ನಲ್ಲಿ ಹೊಳೆಯದಿದ್ದರೆ ಅಲ್ಲಿ ಜೀವಂತ ಕ್ಯಾನ್ಸರ್ ಉಳಿದಿಲ್ಲ ಎಂದು ತಿಳಿಯುತ್ತಾರೆ. ಹೊಳಪನ್ನು ಲಿವರ್‌ನ ಹೊಳಪಿಗೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಇದಕ್ಕೆ ಡೋವಿಲ್ ಅಂಕ ಎಂದು ಹೆಸರು.

ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಇಮ್ಯುನೋಥೆರಪಿಯಲ್ಲಿ ಕೆಲವೊಮ್ಮೆ ಗಡ್ಡೆ ಮೊದಲು ದೊಡ್ಡದಾಗಿ ಕಂಡು ಆಮೇಲೆ ಕುಗ್ಗುತ್ತದೆ. ಅದರೊಳಗೆ ರಕ್ಷಣಾ ಕೋಶಗಳು ನುಗ್ಗಿರುವುದು ಇದಕ್ಕೆ ಒಂದು ಕಾರಣ. ರೋಗಿ ಚೆನ್ನಾಗಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಆಮೇಲೆ ತೀರ್ಮಾನಿಸುತ್ತಾರೆ. ರೇಡಿಯೇಷನ್ ಮುಗಿದ ಕೂಡಲೇ ಪೆಟ್ ಬೇಡ ಎನ್ನುವುದಕ್ಕೂ ಕಾರಣ ಇದೆ. ಆ ಭಾಗ ಊದಿಕೊಂಡು ತಾನಾಗಿಯೇ ಹೊಳೆಯುತ್ತಿರುತ್ತದೆ. ತಲೆ ಮತ್ತು ಕತ್ತಿನ ಕ್ಯಾನ್ಸರ್‌ನಲ್ಲಿ ಸುಮಾರು 12 ವಾರ ಕಾಯುವುದು ವಾಡಿಕೆ.

ಹೊಸ ಸ್ಕ್ಯಾನ್ ಮಾಡಿಸಲು ಹೋಗುವಾಗ ಹಳೆಯ ರಿಪೋರ್ಟಿನ ಕಾಗದ ಮಾತ್ರ ಸಾಲದು, ಚಿತ್ರಗಳಿರುವ ಸಿ.ಡಿ.ಯನ್ನೂ ಒಯ್ಯಿರಿ. ಶ್ವಾಸಕೋಶದಲ್ಲಿ 7 ಮಿ.ಮೀ. ಗಂಟು ಕಂಡಾಗ ಅದು ಮೂರು ವರ್ಷದ ಹಿಂದಿನ ಚಿತ್ರದಲ್ಲೂ ಅಷ್ಟೇ ಇದ್ದರೆ, ರೇಡಿಯಾಲಜಿಸ್ಟ್ ಬಹುಪಾಲು ಅದನ್ನು ಅಲ್ಲಿಗೇ ಬಿಡುತ್ತಾರೆ. ಹಳೆಯ ಚಿತ್ರ ಇಲ್ಲದಿದ್ದರೆ ಅದೇ ಗಂಟಿಗೆ ಮತ್ತೆ ಸ್ಕ್ಯಾನ್ ಬೇಕಾಗುತ್ತದೆ, ಕೆಲವೊಮ್ಮೆ ಸೂಜಿಯೂ ಬೇಕಾಗುತ್ತದೆ.